ನರೆತ ಕೂದಲಿನ ಶಿಳ್ಳೆ: ಗಾಂಧಿನಗರದ ನಡುವಯಸ್ಸಿನ ಅಭಿಮಾನಿಗಳು

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ, ಹೆಸರಾಂತ ನಟರ ಚಿತ್ರವೊಂದು ತೆರೆ ಕಾಣುವ ಬೆಳಗಿನ ಜಾವ ನೆರೆಯುವ ಜನಸಂದಣಿಯನ್ನು ಪೊಲೀಸರೂ ಪತ್ರಿಕೆಗಳೂ ದಾರಿಹೋಕರೂ ‘ಹುಡುಗರ ಗುಂಪು’ ಎಂದೇ ಕರೆಯುತ್ತಾ ಬಂದಿದ್ದರೂ, ಆ ಗುಂಪಿನ ನಡುವೆ ನಲವತ್ತು, ಐವತ್ತು ದಾಟಿದವರು ಎದ್ದು ಕಾಣುವಷ್ಟು ಮಂದಿ ಇರುತ್ತಾರೆ ಎಂಬುದು ಅಲ್ಲಿ ಒಮ್ಮೆ ನಿಂತು ನೋಡಿದ ಯಾರಿಗಾದರೂ ತಿಳಿಯುವ ಸಂಗತಿ. ತಮಟೆಗೆ ಕುಣಿಯುವವರಲ್ಲಿ, ಕಟೌಟಿಗೆ ಹಾಲೆರೆಯುವವರಲ್ಲಿ, ನಡುರಸ್ತೆಯಲ್ಲಿ ಪಟಾಕಿ ಸರ ಬಿಡಿಸಿ ಹಚ್ಚಿ ಬಸ್ಸುಗಳನ್ನು ತಡೆಯುವವರಲ್ಲಿ ಮಕ್ಕಳ ಮದುವೆ ಮಾಡಿದವರೂ ಇರುತ್ತಾರೆ. ಯುರೋಪಿನ ಫುಟ್‌ಬಾಲ್ ಮೈದಾನಗಳ ಬಗ್ಗೆ ಸಮಾಜಶಾಸ್ತ್ರಜ್ಞರು ಬಹುಕಾಲದಿಂದ ಕೇಳುತ್ತಿರುವ ಪ್ರಶ್ನೆ, ಅಂದರೆ ಸಂಸಾರ, ಸಾಲ, ಸಕ್ಕರೆ ಕಾಯಿಲೆಗಳ ವಯಸ್ಸಿಗೆ ಬಂದ ಗಂಡಸು ಪಂದ್ಯದ ದಿನ ಮಾತ್ರ ಏಕೆ ಪುಂಡಾಟಕ್ಕೆ ಇಳಿಯುತ್ತಾನೆ ಎಂಬ ಪ್ರಶ್ನೆ, ಗಾಂಧಿನಗರಕ್ಕೂ ಅಷ್ಟೇ ಅನ್ವಯಿಸುತ್ತದೆ. ‘ವಯಸ್ಸಾದರೂ ಬುದ್ಧಿ ಬಂದಿಲ್ಲ’ ಎಂಬ ಮಾತು ಈ ನಡವಳಿಕೆಯನ್ನು ಬೈಯುತ್ತದೆಯೇ ಹೊರತು ಅದರ ಕಾರಣವನ್ನು ಹೇಳುವುದಿಲ್ಲ.

ಕಾರಣವನ್ನು ಹುಡುಕಬೇಕಾದರೆ ಮೊದಲು ಜಾಗವನ್ನು ನೋಡಬೇಕು. ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಅದರ ಎದುರಿಗೆ ರೈಲು ನಿಲ್ದಾಣ, ಪಕ್ಕದಲ್ಲಿ ಕಾಟನ್‌ಪೇಟೆ, ಬಳೇಪೇಟೆ, ಚಿಕ್ಕಪೇಟೆಗಳು, ಸ್ವಲ್ಪ ಆಚೆಗೆ ಬಿನ್ನಿ, ಮಿನರ್ವ ಮಿಲ್ಲುಗಳು ಇದ್ದ ಬಡಾವಣೆಗಳು. ಊರಿಗೆ ಬಂದಿಳಿದವರೂ ಪಾಳಿ ಮುಗಿಸಿ ಹೊರಟವರೂ ಹಾದು ಹೋಗುವ ಕೆಂಪೇಗೌಡ ರಸ್ತೆಯ ಇಕ್ಕೆಲಗಳಲ್ಲಿ ಚಿತ್ರಮಂದಿರಗಳ ಸಾಲು ಎದ್ದು, ಅವುಗಳ ಹಿಂದಿನ ಅಡ್ಡರಸ್ತೆಗಳಲ್ಲಿ ಹಂಚಿಕೆದಾರರ ಮತ್ತು ನಿರ್ಮಾಪಕರ ಕಚೇರಿಗಳು ತುಂಬಿಕೊಂಡಿದ್ದರಿಂದ, ‘ಗಾಂಧಿನಗರ’ ಎಂದರೆ ಕನ್ನಡ ಚಿತ್ರೋದ್ಯಮ ಎಂಬ ರೂಢಿ ಬೆಳೆಯಿತು. 1972ರ ‘ಬಂಗಾರದ ಮನುಷ್ಯ’ ಇದೇ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಮಿಲ್ಲಿನ ಕಾರ್ಮಿಕರು, ಆಟೋ ಚಾಲಕರು, ಹೋಟೆಲ್ ಮಾಣಿಗಳು, ಪೇಟೆಯ ಅಂಗಡಿಗಳಲ್ಲಿ ದುಡಿಯುವವರು ‘ಗಾಂಧಿ ಕ್ಲಾಸ್’ ಎಂದು ಕರೆಸಿಕೊಂಡ, ತೆರೆಗೆ ತೀರ ಹತ್ತಿರದ ಅಗ್ಗದ ಸಾಲುಗಳಲ್ಲಿ ಕೂತು ಈ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರು. ಇಂದಿನ ನಡುವಯಸ್ಸಿನ ಅಭಿಮಾನಿ ಅವರ ಮಗ, ಇಲ್ಲವೇ ಅವರ ಬೆನ್ನಿಗೆ ಬಂದ ತಲೆಮಾರಿನವನು.

ಬಿಡುಗಡೆಯ ಬೆಳಗ್ಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಅದರೊಳಗಿನ ಕೆಲಸದ ಹಂಚಿಕೆ ಕಣ್ಣಿಗೆ ಬೀಳುತ್ತದೆ. ಹಿಂದಿನ ರಾತ್ರಿಯೇ ಸರ್ವೆ ಗಳುಗಳನ್ನು ಕಟ್ಟಿ ಅಟ್ಟಣಿಗೆ ನಿಲ್ಲಿಸಲಾಗಿರುತ್ತದೆ. ಮಾರುಕಟ್ಟೆಯಿಂದ ಬಂದ ಆಳೆತ್ತರದ ಹೂವಿನ ಹಾರಗಳು, ಕುಂಕುಮ ತುಂಬಿದ ಬೂದುಗುಂಬಳ, ಈಡುಗಾಯಿಯ ಮೂಟೆ, ಕರ್ಪೂರದ ಪೊಟ್ಟಣ, ಹಾಲಿನ ಪ್ಯಾಕೆಟ್ಟುಗಳನ್ನು ಜೋಡಿಸಿಟ್ಟ ಕ್ರೇಟುಗಳು ಕಟೌಟಿನ ಬುಡದಲ್ಲಿ ಇರುತ್ತವೆ. ಗಳು ಹತ್ತಿ ಮೇಲೆ ಹೋಗುವವರು ಇಪ್ಪತ್ತರ ಹುಡುಗರು. ಕೆಳಗೆ ಹಗ್ಗ ಹಿಡಿದು ನಿಲ್ಲುವವರು, ಯಾವ ಬಡಾವಣೆಯ ಸಂಘದ ಹಾರ ಮೊದಲು ಏರಬೇಕೆಂದು ತೀರ್ಮಾನಿಸುವವರು, ಚಂದಾ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡವರು, ಇನ್‌ಸ್ಪೆಕ್ಟರ್ ಬಂದಾಗ ಮುಂದೆ ಹೋಗಿ ಮಾತನಾಡುವವರು ನಲವತ್ತೈದು, ಐವತ್ತರ ಆಸುಪಾಸಿನವರು. ಹಾಲೆರೆದು ಮುಗಿದು ತಮಟೆಯ ಗತ್ತು ಬದಲಾದಾಗ ಆ ಹಿರಿಯರೂ ಕುಣಿತಕ್ಕೆ ಇಳಿಯುತ್ತಾರೆ. ಕಿರಿಯರು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಡುವ ರೀತಿಯಲ್ಲಿ ಒಂದು ಗೌರವವಿದೆ, ಮತ್ತು ಹೊರಗಿನವರಿಗೆ ಬರಿಯ ಗದ್ದಲವಾಗಿ ಕಾಣುವ ಈ ದೃಶ್ಯವನ್ನು ಅರ್ಥ ಮಾಡಿಕೊಳ್ಳಲು ಆ ಗೌರವದಿಂದಲೇ ತೊಡಗಬೇಕು.

ಇಲ್ಲಿ ಬಳಕೆಯಾಗುವ ಸಾಮಗ್ರಿಯೆಲ್ಲವೂ ಜಾತ್ರೆ, ಉತ್ಸವಗಳಿಂದ ಬಂದದ್ದು. ಅಭಿಷೇಕ, ಆರತಿ, ಈಡುಗಾಯಿ, ದೃಷ್ಟಿ ತೆಗೆಯುವುದು, ಜೈಕಾರ, ಕೊನೆಗೆ ಅನ್ನಸಂತರ್ಪಣೆ, ಇವು ಯಾವುದನ್ನೂ ಅಭಿಮಾನಿಗಳು ಹೊಸದಾಗಿ ಕಂಡುಹಿಡಿದಿಲ್ಲ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವಾಗ ಬಿಚ್ಚುಗತ್ತಿ ಹಿಡಿದು ‘ಗೋವಿಂದಾ’ ಎಂದು ಕೂಗುತ್ತ ಓಡುವ ವೀರಕುಮಾರರಲ್ಲಿ ತಲೆ ನರೆತವರು ಇರುವುದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ವಯಸ್ಸು ಸೇವೆಗೆ ಹೆಚ್ಚಿನ ಅರ್ಹತೆಯಾಗಿಯೇ ಕಾಣುತ್ತದೆ. ನಡುವಯಸ್ಸಿನ ಸಿನಿಮಾ ಅಭಿಮಾನಿ ತನ್ನನ್ನು ನೋಡಿಕೊಳ್ಳುವುದು ಇದೇ ಬೆಳಕಿನಲ್ಲಿ. ಅವನ ಲೆಕ್ಕದಲ್ಲಿ ಅವನು ಹುಡುಗಾಟವಾಡುತ್ತಿಲ್ಲ, ಹಿರಿತನವನ್ನು ನಡೆಸುತ್ತಿದ್ದಾನೆ.

ಜನಸಮೂಹದ ಬಗ್ಗೆ ವಿದ್ವಾಂಸರ ತಿಳಿವಳಿಕೆ ಬದಲಾದ ಬಗೆಯೂ ಇದಕ್ಕೆ ಪೂರಕವಾಗಿದೆ. 1895ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಬಾನ್, ಗುಂಪಿಗೆ ಸೇರಿದ ಮನುಷ್ಯ ತನ್ನ ವಿವೇಕವನ್ನು ಕಳೆದುಕೊಂಡು ಮೃಗಸದೃಶನಾಗುತ್ತಾನೆ ಎಂದು ವಾದಿಸಿದ್ದನು, ಮತ್ತು ಪೊಲೀಸ್ ವ್ಯವಸ್ಥೆಗಳು ಇಂದಿಗೂ ಬಹುಮಟ್ಟಿಗೆ ಇದನ್ನೇ ನಂಬಿ ನಡೆಯುತ್ತವೆ. ಆದರೆ 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆದ ಗಲಭೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಸ್ಟೀಫನ್ ರೈಕರ್, ಗುಂಪಿನಲ್ಲಿ ವ್ಯಕ್ತಿಯ ಗುರುತು ಅಳಿಸಿಹೋಗುವುದಿಲ್ಲ, ‘ನಾನು’ ಎಂಬ ಗುರುತಿನ ಜಾಗಕ್ಕೆ ‘ನಾವು’ ಎಂಬ ಗುರುತು ಬರುತ್ತದೆ, ಆ ‘ನಾವು’ ಯಾವುದನ್ನು ಸರಿಯೆಂದು ಒಪ್ಪುತ್ತದೆಯೋ ಅಷ್ಟರ ಮಿತಿಯಲ್ಲೇ ಗುಂಪು ನಡೆದುಕೊಳ್ಳುತ್ತದೆ ಎಂದು ತೋರಿಸಿದರು. ಅದಕ್ಕೂ ಮೊದಲು, 1912ರಲ್ಲಿ, ಎಮಿಲ್ ದುರ್ಖೈಮ್ ಧರ್ಮದ ಮೂಲರೂಪಗಳನ್ನು ಕುರಿತು ಬರೆಯುವಾಗ ‘ಸಾಮೂಹಿಕ ಉನ್ಮೇಷ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿದ್ದನು. ಜನ ಒಂದೆಡೆ ಕೂಡಿ ಒಂದೇ ಲಯದಲ್ಲಿ ಕೂಗಿ ಕುಣಿದಾಗ ಅವರೊಳಗೆ ಹುಟ್ಟುವ, ಒಬ್ಬೊಬ್ಬರೇ ಇದ್ದಾಗ ಎಂದೂ ದೊರೆಯದ ಶಕ್ತಿಯ ಅನುಭವಕ್ಕೆ ಅವನಿಟ್ಟ ಹೆಸರದು. ಈ ಅನುಭವಕ್ಕೆ ವಯಸ್ಸಿನ ಗಡಿಯಿದೆ ಎಂದು ಭಾವಿಸಲು ಯಾವ ಆಧಾರವೂ ಇಲ್ಲ.

ಆದರೂ ಎಲ್ಲ ನಡುವಯಸ್ಕರೂ ಇದಕ್ಕೆ ಮನಸೋಲುವುದಿಲ್ಲ. ಯಾರು ಸೋಲುತ್ತಾರೆ ಎಂಬುದನ್ನು ತಿಳಿಯಲು ನಾರ್ಬರ್ಟ್ ಎಲಿಯಾಸ್ ಮತ್ತು ಎರಿಕ್ ಡನ್ನಿಂಗ್ 1986ರ ತಮ್ಮ ಗ್ರಂಥದಲ್ಲಿ ಮಂಡಿಸಿದ ವಾದ ಉಪಯುಕ್ತವಾಗುತ್ತದೆ. ಆಧುನಿಕ ಸಮಾಜವು ಮನುಷ್ಯನಿಂದ ದಿನವಿಡೀ ಭಾವನೆಗಳ ಹತೋಟಿಯನ್ನು ಬಯಸುವುದರಿಂದ, ಆ ಹತೋಟಿಯನ್ನು ಗೊತ್ತುಪಡಿಸಿದ ಜಾಗದಲ್ಲಿ, ಗೊತ್ತುಪಡಿಸಿದ ಹೊತ್ತಿಗೆ ಸಡಿಲಿಸುವ ಏರ್ಪಾಡುಗಳನ್ನೂ ಅದೇ ಸಮಾಜ ಒದಗಿಸಬೇಕಾಗುತ್ತದೆ ಎಂಬುದು ಅವರ ನಿಲುವು. ಕೆಂಪೇಗೌಡ ರಸ್ತೆಯ ಅಭಿಮಾನಿಗಳಲ್ಲಿ ಹೆಚ್ಚು ಕಾಣುವ ಕಸುಬುಗಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಬಾಡಿಗೆ ಕಾರಿನ ಚಾಲಕ, ಕಚೇರಿಯ ಅಟೆಂಡರ್, ಹೋಟೆಲಿನ ಸಪ್ಲೈಯರ್, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ, ಬಟ್ಟೆ ಅಂಗಡಿಯ ಸೇಲ್ಸ್‌ಮನ್, ಇವರೆಲ್ಲರ ದುಡಿಮೆಯ ಬಹುಪಾಲು ‘ಸಾರ್’, ‘ಮೇಡಂ’ ಎನ್ನುವುದರಲ್ಲಿ, ತಮ್ಮ ತಪ್ಪಿಲ್ಲದ ಬೈಗುಳವನ್ನು ನುಂಗಿಕೊಳ್ಳುವುದರಲ್ಲಿ, ದನಿ ಏರಿಸದೆ ಇರುವುದರಲ್ಲಿ ಕಳೆಯುತ್ತದೆ. ವಯಸ್ಸಾದಂತೆ ಈ ನುಂಗುವಿಕೆ ಕಡಿಮೆಯಾಗುವುದಿಲ್ಲ. ಕೆಲಸ ಹೋದರೆ ಇನ್ನೊಂದು ಸಿಗದ ಭಯ ಸೇರಿಕೊಂಡು ಅದು ಹೆಚ್ಚುತ್ತದೆ. ಇಪ್ಪತ್ತರ ಹುಡುಗನಿಗೆ ಕೂಗಾಡಲು ನೂರು ಜಾಗಗಳಿವೆ, ಐವತ್ತರ ಗಂಡಸಿಗೆ ಅಂಥ ಜಾಗ ಒಂದೋ ಎರಡೋ. ಆದ್ದರಿಂದ ವರ್ಷಕ್ಕೊಂದೆರಡು ಬೆಳಗ್ಗೆ ಅವನು ಶಿಳ್ಳೆ ಹಾಕುವಾಗ ಅದರಲ್ಲಿ ಹುಡುಗರ ಶಿಳ್ಳೆಗಿಂತ ಹೆಚ್ಚಿನ ಒತ್ತಡವಿರುತ್ತದೆ.

ಇದರ ಜೊತೆಗೆ ಸಂಘವೆಂಬ ಸಂಸ್ಥೆಯ ಇತಿಹಾಸವನ್ನೂ ಸೇರಿಸಿಕೊಳ್ಳಬೇಕು. 1982ರ ಗೋಕಾಕ್ ಚಳವಳಿ, ಅಂದರೆ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ನೀಡಬೇಕೆಂಬ ವಿ.ಕೃ. ಗೋಕಾಕ್ ಸಮಿತಿಯ ವರದಿಯ ಜಾರಿಗಾಗಿ ನಡೆದ ಹೋರಾಟ, ನಟ ಡಾ. ರಾಜ್‌ಕುಮಾರ್ ಅವರು ಮುಂದಾಳಾದ ಮೇಲೆ ಸಾಹಿತಿಗಳ ವಲಯವನ್ನು ದಾಟಿ ಬೀದಿಗೆ ಬಂದಿತು, ಮತ್ತು ಅವರ ಅಭಿಮಾನಿಗಳ ಸಂಘಗಳು ಅಲ್ಲಿಂದಾಚೆಗೆ ಸಿನಿಮಾದ ಹೊರಗೂ ಭಾಷೆ, ನೆಲ, ಉದ್ಯೋಗಗಳ ಪ್ರಶ್ನೆಯೆತ್ತುವ ಶಕ್ತಿಗಳಾಗಿ ಬೆಳೆದವು. ಬೆಂಗಳೂರಿನ ಇಪ್ಪತ್ತನೆಯ ಶತಮಾನವನ್ನು ಕುರಿತು 2005ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ್ತಿ ಜಾನಕಿ ನಾಯರ್ ಅವರೂ, ದಕ್ಷಿಣ ಭಾರತದ ತಾರೆಯರನ್ನೂ ರಾಜಕೀಯವನ್ನೂ ಒಟ್ಟಿಗೆ ಇಟ್ಟು ನೋಡಿದ ಮಾಧವ ಪ್ರಸಾದ್ ಅವರೂ ಈ ನಂಟನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಅಭಿಮಾನಿಗಳನ್ನು ‘ದೇವರುಗಳು’ ಎಂದು ರಾಜ್‌ಕುಮಾರ್ ಕರೆದದ್ದು, ಊರಿನಲ್ಲಿ ಯಾರೂ ಕೈಮುಗಿಯದ ಜನರಿಗೆ ಸಿಕ್ಕ ಮರ್ಯಾದೆಯಾಗಿತ್ತು. ಸಂಘದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಗಳಿದ್ದವು. ರಾಜ್ಯೋತ್ಸವ, ರಕ್ತದಾನ ಶಿಬಿರ, ನೋಟ್‌ಬುಕ್ ವಿತರಣೆಗಳಿದ್ದವು. ಬದುಕಿನ ಬೇರೆಲ್ಲ ಕಡೆ ಕೊನೆಯ ಸಾಲಿನಲ್ಲಿ ನಿಂತವನು ಇಲ್ಲಿ ಮುಂದಿನ ಸಾಲಿಗೆ ಬಂದನು. ಮೂವತ್ತು ವರ್ಷಗಳ ಸೇವೆಯಿಂದ ಗಳಿಸಿದ ಈ ಸ್ಥಾನವನ್ನು, ಇನ್ನು ಕುಣಿಯುವ ವಯಸ್ಸಲ್ಲ ಎಂಬ ಕಾರಣಕ್ಕೆ ಬಿಟ್ಟುಕೊಡಬೇಕೆಂದು ಯಾರಾದರೂ ನಿರೀಕ್ಷಿಸುವುದು ನ್ಯಾಯವಲ್ಲ.

ನಟನೂ ಅಭಿಮಾನಿಯೂ ಜೊತೆಯಾಗಿ ಮುಪ್ಪಿನತ್ತ ಸಾಗುವುದು ಇನ್ನೊಂದು ಕಾರಣ. 1986ರಲ್ಲಿ ‘ಆನಂದ್’ ಚಿತ್ರದಿಂದ ನಾಯಕರಾದ ಶಿವರಾಜ್‌ಕುಮಾರ್ ಅರವತ್ತು ದಾಟಿದ ಮೇಲೂ ನಾಯಕರಾಗಿಯೇ ಮುಂದುವರಿದಿರುವಾಗ, ಅವರ ಮೊದಲ ಚಿತ್ರವನ್ನು ಹದಿನೆಂಟರಲ್ಲಿ ನೋಡಿದವನಿಗೆ ತನ್ನ ವಯಸ್ಸಿನ ಅರಿವು ತಡವಾಗಿ ಬಂದರೆ ಆಶ್ಚರ್ಯವಿಲ್ಲ. ಮರುಬಿಡುಗಡೆಗಳಲ್ಲಿ ಇದು ಇನ್ನೂ ಸ್ಪಷ್ಟ. 1995ರ ‘ಓಂ’ ಅಸಂಖ್ಯ ಬಾರಿ ಮತ್ತೆ ತೆರೆ ಕಂಡಿದೆ; 2002ರ ‘ಅಪ್ಪು’ ಪುನೀತ್ ರಾಜ್‌ಕುಮಾರ್ ಅವರ ಐವತ್ತನೆಯ ಜನ್ಮದಿನದ ಹೊತ್ತಿಗೆ, 2025ರ ಮಾರ್ಚ್‌ನಲ್ಲಿ, ಮತ್ತೆ ಚಿತ್ರಮಂದಿರಗಳಿಗೆ ಬಂದಿತು. ಇಪ್ಪತ್ತು ವರ್ಷದವರಿದ್ದಾಗ ಅದನ್ನು ನೋಡಿದವರಿಗೆ ಆಗ ನಲವತ್ತಮೂರು. ಮುಂದಿನ ಸಂಭಾಷಣೆ ಗೊತ್ತಿದ್ದು ತೆರೆಗಿಂತ ಮೊದಲೇ ಹೇಳುವುದು, ಹಾಡು ಬರುವ ಮುನ್ನವೇ ಎದ್ದು ಮುಂದೆ ಓಡುವುದು, ಕಾಗದ ಚೂರು ಮಾಡಿ ತೂರುವುದು, ಇವನ್ನೆಲ್ಲ ಅವರು ತಮ್ಮ ಇಪ್ಪತ್ತರ ದೇಹದ ನೆನಪಿನಿಂದಲೇ ಮಾಡುತ್ತಾರೆ, ಮತ್ತು ನಟ ಈಗಿಲ್ಲ ಎಂಬ ದುಃಖವೂ ಆ ಗದ್ದಲದೊಳಗೆ ಸೇರಿರುತ್ತದೆ.

ಈ ನಡುವೆ ಊರು ಅವರ ಕಾಲ ಕೆಳಗಿನ ನೆಲವನ್ನು ಒಂದೊಂದಾಗಿ ತೆಗೆದುಕೊಂಡಿದೆ. ಬಿನ್ನಿ ಮಿಲ್ಲು ಮುಚ್ಚಿ ಅದರ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಎಚ್‌ಎಂಟಿಯ ಗಡಿಯಾರ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು. ಸಾವಿರಕ್ಕೂ ಹೆಚ್ಚು ಆಸನಗಳಿದ್ದ ಕಪಾಲಿ ಚಿತ್ರಮಂದಿರ ನೆಲಸಮವಾಯಿತು, ಅದಕ್ಕೂ ಮೊದಲು ಮತ್ತು ಅದರ ನಂತರ ಆ ರಸ್ತೆಯ ಇನ್ನೂ ಹಲವು ಚಿತ್ರಮಂದಿರಗಳು ಹೋದವು. ಮಲ್ಟಿಪ್ಲೆಕ್ಸುಗಳ ಟಿಕೆಟ್ ದರವನ್ನೂ ಅಲ್ಲಿನ ಮೌನವನ್ನೂ ಕೆಂಪೇಗೌಡ ರಸ್ತೆಯ ಪ್ರೇಕ್ಷಕ ತನ್ನದೆಂದು ಎಂದೂ ಒಪ್ಪಿಕೊಂಡಿಲ್ಲ. ಉಳಿದಿರುವ ಕೆಲವು ಚಿತ್ರಮಂದಿರಗಳ ಮುಂದಿನ ರಸ್ತೆಯನ್ನು ಒಂದು ಗಂಟೆ ಅಡ್ಡಗಟ್ಟುವುದು, ಈ ಊರಿನ ನಡುಮಧ್ಯೆ ತನಗಿನ್ನೂ ಜಾಗವಿದೆ ಎಂದು ಅವನು ಎಲ್ಲರ ಕಣ್ಣ ಮುಂದೆ ಹೇಳುವ ಕ್ರಮ. ಇದು ಸರಿಯೇ ಎಂಬ ಪ್ರಶ್ನೆ ಬೇರೆ. ಬಸ್ಸಿನೊಳಗೆ ಸಿಕ್ಕಿಕೊಂಡ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಾದ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಅದೇ ಊರಿನಲ್ಲಿ ಅಷ್ಟೇ ಹಕ್ಕಿದೆ.

ಸಂಭ್ರಮದ ಅವಧಿ ಕುಗ್ಗಿರುವುದೂ ಅದರ ತೀವ್ರತೆಯನ್ನು ಹೆಚ್ಚಿಸಿದೆ. ಮೊದಲೆಲ್ಲ ಚಿತ್ರವೊಂದು ಕೆಂಪೇಗೌಡ ರಸ್ತೆಯ ಒಂದು ಮುಖ್ಯ ಚಿತ್ರಮಂದಿರದಲ್ಲಿ ಬಿಡುಗಡೆಯಾಗಿ ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ ಎಂದು ಮೈಲಿಗಲ್ಲುಗಳನ್ನು ದಾಟುತ್ತಿದ್ದಾಗ ಅಭಿಮಾನದ ಉತ್ಸಾಹವೂ ಆ ದಿನಗಳ ಮೇಲೆ ಹಂಚಿಹೋಗುತ್ತಿತ್ತು. ಈಗ ಏಕಕಾಲಕ್ಕೆ ನೂರಾರು ತೆರೆಗಳಲ್ಲಿ ಬಿಡುಗಡೆಯಾಗಿ, ಮೊದಲ ಮೂರು ದಿನಗಳ ಗಳಿಕೆಯೇ ಚಿತ್ರದ ಹಣೆಬರಹವನ್ನು ತೀರ್ಮಾನಿಸುವಾಗ, ನೂರು ದಿನದ ಹಬ್ಬವೆಲ್ಲ ಒಂದು ಬೆಳಗಿಗೆ ಒತ್ತಿಕೊಂಡಿದೆ. ಮೊಬೈಲಿನಲ್ಲಿ ಸೆರೆಯಾದ ಹಾಲಿನ ಅಭಿಷೇಕ ಕ್ಷಣಾರ್ಧದಲ್ಲಿ ನಾಡಿನಾದ್ಯಂತ ಹರಡಿ ಪುಕ್ಕಟೆ ಜಾಹೀರಾತಾಗುವುದರಿಂದ, ಚಿತ್ರವನ್ನು ಮಾರುವವರಿಗೆ ಈ ಗದ್ದಲ ಕಡಿಮೆಯಾಗುವುದು ಬೇಕಾಗಿಲ್ಲ. ಸ್ವಂತ ಚಂದಾ ಹಣದಿಂದ ಹಾರ ತಂದವನ ಪ್ರೀತಿಯನ್ನು ಇನ್ಯಾರೋ ಲಾಭಕ್ಕೆ ಪರಿವರ್ತಿಸುವ ಈ ಏರ್ಪಾಡು, ಅಭಿಮಾನಿಯ ಪುಂಡಾಟಕ್ಕಿಂತ ಹೆಚ್ಚು ಟೀಕೆಗೆ ಅರ್ಹವಾದದ್ದು.

ಇಂಗ್ಲೆಂಡಿನ ಫುಟ್‌ಬಾಲ್ ಅನುಭವ ಗಾಂಧಿನಗರದ ಈ ಬದಲಾವಣೆಗೆ ಹತ್ತಿರದ್ದು. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಬೆಂಬಲಿಗರು ನುಗ್ಗಿದಾಗ ಗೋಡೆ ಕುಸಿದು 39 ಜನ ಸತ್ತರು. 1989ರ ಏಪ್ರಿಲ್ 15ರ ಹಿಲ್ಸ್‌ಬರೋ ಮೈದಾನದ ದುರಂತದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಜನ ಪ್ರಾಣ ಕಳೆದುಕೊಂಡರು, ಮತ್ತು ಅಂದು ಅಭಿಮಾನಿಗಳ ಮೇಲೆ ಹೊರಿಸಿದ ಆರೋಪ ಸುಳ್ಳೆಂದೂ ಪೊಲೀಸ್ ನಿರ್ವಹಣೆಯೇ ವಿಫಲವಾಗಿತ್ತೆಂದೂ ದಶಕಗಳ ನಂತರದ ವಿಚಾರಣೆಯಲ್ಲಿ ಸ್ಥಾಪಿತವಾಯಿತು. ಆ ದುರಂತದ ಬಗೆಗಿನ 1990ರ ಟೇಲರ್ ವರದಿಯ ನಂತರ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಅಗ್ಗದ ಅಂಕಣಗಳು ಹೋಗಿ ಎಲ್ಲೆಡೆ ಆಸನಗಳು ಬಂದವು, ಟಿಕೆಟ್ ದುಬಾರಿಯಾಯಿತು, ಹೊಸ ಹುಡುಗರಿಗೆ ಪ್ರವೇಶ ಕಷ್ಟವಾಗಿ ಹಳೆಯ ಬೆಂಬಲಿಗರೇ ವಯಸ್ಸಾಗುತ್ತಾ ಉಳಿದರು. ಅಲ್ಲಿಯ ನಡುವಯಸ್ಸಿನ ಗದ್ದಲಗಾರ ತನ್ನ ಯೌವನದ ಮೈದಾನವನ್ನು ನೆನೆಯುತ್ತಾನೆ, ಇಲ್ಲಿಯವನು ತನ್ನ ಗಾಂಧಿ ಕ್ಲಾಸನ್ನು ನೆನೆಯುತ್ತಾನೆ.

ಇಷ್ಟು ಹೇಳಿದ ಮೇಲೂ, ಈ ನಡವಳಿಕೆ ಯಾವಾಗ ಸಂಭ್ರಮವಾಗಿ ಉಳಿಯುತ್ತದೆ, ಯಾವಾಗ ಹಿಂಸೆಗೆ ತಿರುಗುತ್ತದೆ ಎಂಬುದನ್ನು ಕೇಳಲೇಬೇಕು, ಮತ್ತು ಬೆಂಗಳೂರಿನ ಎರಡು ಸಾವುಗಳು ಇದಕ್ಕೆ ಕಣ್ತೆರೆಸುವ ಉತ್ತರ ಕೊಡುತ್ತವೆ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ, ಪಾರ್ಥಿವ ಶರೀರದ ದರ್ಶನ ಎಲ್ಲಿ, ಎಷ್ಟು ಹೊತ್ತಿನವರೆಗೆ, ಅಂತ್ಯಕ್ರಿಯೆ ಯಾವಾಗ ಎಂಬ ಬಗ್ಗೆ ಗೊಂದಲ ಹರಡಿ, ಕೊನೆಯ ಬಾರಿ ಮುಖ ನೋಡುವ ಅವಕಾಶವೇ ತಪ್ಪಿಹೋಗುತ್ತಿದೆ ಎಂಬ ಭಾವನೆ ಜನರಲ್ಲಿ ಬೆಳೆದು, ಎರಡು ದಿನ ನಗರ ಹೊತ್ತಿ ಉರಿಯಿತು; ಬಸ್ಸುಗಳು ಸುಟ್ಟವು, ಗೋಲಿಬಾರ್ ನಡೆಯಿತು, ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿದಂತೆ ಹಲವರು ಸತ್ತರು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ದುಃಖ ಕಡಿಮೆಯಿರಲಿಲ್ಲ, ಜನ ಕಡಿಮೆಯಿರಲಿಲ್ಲ. ಆದರೆ ಕಂಠೀರವ ಕ್ರೀಡಾಂಗಣದಲ್ಲಿ ಹಗಲೂ ರಾತ್ರಿ ದರ್ಶನಕ್ಕೆ ಅವಕಾಶವಿತ್ತು, ಮದ್ಯದಂಗಡಿಗಳು ಮುಚ್ಚಿದ್ದವು, ಕುಟುಂಬದವರು ಶಾಂತಿಯಿಂದಿರಲು ಕೋರಿದ್ದರು, ಮತ್ತು 31ರ ಬೆಳಗ್ಗೆ ಅಂತ್ಯಕ್ರಿಯೆ ಮುಗಿಯುವವರೆಗೆ ಲಕ್ಷಾಂತರ ಜನ ಸಾಲಿನಲ್ಲಿ ಸಾಗಿದರು. ಹದಿನೈದು ವರ್ಷ ಹಿಂದೆ ಬೀದಿಯಲ್ಲಿದ್ದ ತಲೆಮಾರು 2021ರಲ್ಲಿ ನಡುವಯಸ್ಸಿಗೆ ಬಂದಿತ್ತು, ಹಳೆಯ ದುರಂತದ ನೆನಪು ಅದಕ್ಕಿತ್ತು. ತಂದೆಯಂತೆ ಮಗನೂ ಕಣ್ಣುಗಳನ್ನು ದಾನ ಮಾಡಿದ್ದನ್ನು ಕಂಡು ಸಾವಿರಾರು ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ರೈಕರ್ ಹೇಳಿದ ‘ನಾವು’ ಎಂಬ ಗುರುತು ತನ್ನ ಮಿತಿಯನ್ನು ತಾನೇ ಹಾಕಿಕೊಂಡ ನಿದರ್ಶನವಿದು.

ಇದಕ್ಕೆ ವ್ಯತಿರಿಕ್ತವಾಗಿ, 2025ರ ಜೂನ್ 4ರಂದು, ಆರ್‌ಸಿಬಿ ಕ್ರಿಕೆಟ್ ತಂಡದ ಮೊದಲ ಐಪಿಎಲ್ ಗೆಲುವಿನ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಜನ ಬಲಿಯಾದರು. ಅಂದು ಅಲ್ಲಿಗೆ ಬಂದಿದ್ದವರು ಪುಂಡರಲ್ಲ, ಸಂತೋಷಪಡಲು ಬಂದವರು. ಅಂಥ ಜನಸಾಗರದ ನಡುವೆ ‘ಹಿಂದೆ ಸರಿಯಿರಿ’ ಎಂದರೆ ಕೇಳುವಂಥ ಹಿರಿಯರಾಗಲಿ, ಪರಸ್ಪರ ಮುಖ ಪರಿಚಯವಿರುವ ಸಂಘಗಳಾಗಲಿ ಇರಲು ಸಾಧ್ಯವಿರಲಿಲ್ಲ. ಗಾಂಧಿನಗರದ ಗದ್ದಲಕ್ಕೆ ಒಂದು ಒಳಗಿನ ಕಟ್ಟುಪಾಡಿದೆ ಎಂಬುದು ಈ ಹೋಲಿಕೆಯಲ್ಲಿ ಗೊತ್ತಾಗುತ್ತದೆ.

ಆ ಕಟ್ಟುಪಾಡಿನ ಕೊರತೆಗಳನ್ನೂ ಮುಚ್ಚಿಡಬಾರದು. ಬೆಳಗಿನ ಜಾವದ ಆ ಬೀದಿ ಸಂಪೂರ್ಣವಾಗಿ ಗಂಡಸರದು. ಅದೇ ನಟನನ್ನು ಅಷ್ಟೇ ಪ್ರೀತಿಸುವ ಹೆಂಗಸರು ಮೊದಲ ದಿನದ ಮೊದಲ ಪ್ರದರ್ಶನಕ್ಕೆ ಧೈರ್ಯವಾಗಿ ಬರುವ ವಾತಾವರಣವನ್ನು ಯಾವ ಸಂಘವೂ ಸರಿಯಾಗಿ ನಿರ್ಮಿಸಿಲ್ಲ. ಇನ್ನೊಬ್ಬ ನಟನ ಅಭಿಮಾನಿಗಳನ್ನು ಹೀನಾಯವಾಗಿ ಬೈಯುವ ಚಟ ಬೀದಿಯಿಂದ ಮೊಬೈಲಿಗೆ ದಾಟಿ ಇನ್ನಷ್ಟು ಕೊಳಕಾಗಿದೆ, ಮತ್ತು ಅದರಲ್ಲಿ ಹಿರಿಯರೂ ಪಾಲುದಾರರು. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ 2024ರ ಜನವರಿಯಲ್ಲಿ ನಟ ಯಶ್ ಅವರ ಹುಟ್ಟುಹಬ್ಬದ ಮುನ್ನಾರಾತ್ರಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತದ್ದು. ಸಂಭ್ರಮ ಬೇಡವೆಂದು ಯಶ್ ಆ ಮನೆಗಳಿಗೆ ಹೋಗಿ ಹೇಳಿದರು, ಹೋದವರು ಮರಳಲಿಲ್ಲ.

ಆದ್ದರಿಂದ ಸಂಘಗಳ ಅಧ್ಯಕ್ಷರು, ಖಜಾಂಚಿಗಳು, ಮೂವತ್ತು ವರ್ಷ ಹಾರ ಹೊತ್ತ ಹಿರಿಯರು ಕುಣಿಯಲಿ, ಶಿಳ್ಳೆ ಹಾಕಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಹುಡುಗರನ್ನು ಗಳು ಹತ್ತಿಸುವ ಮುನ್ನ ತಲೆಯ ಮೇಲಿನ ತಂತಿಯಲ್ಲಿ ಕರೆಂಟು ಕಡಿತವಾಗಿದೆಯೇ ಎಂದು ವಿದ್ಯುತ್ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದನ್ನೂ, ಆಂಬುಲೆನ್ಸ್ ಬಂದಾಗ ತಮಟೆ ನಿಲ್ಲಿಸಿ ದಾರಿ ಬಿಡಿಸುವುದನ್ನೂ, ಮೊದಲ ಪ್ರದರ್ಶನದಲ್ಲಿ ಹೆಣ್ಣುಮಕ್ಕಳಿಗೆ ಕೆಲವು ಸಾಲುಗಳನ್ನು ಕಾದಿರಿಸುವುದನ್ನೂ ಅವರು ಮುಂದಿನ ಬಿಡುಗಡೆಯಿಂದಲೇ ತಮ್ಮ ಹೊಣೆಯಾಗಿ ವಹಿಸಿಕೊಳ್ಳಬೇಕು. ಆ ಗುಂಪು ಪೊಲೀಸರಿಗಿಂತ ಮೊದಲು ಅವರ ಮಾತನ್ನು ಕೇಳುತ್ತದೆ.